ಸ್ಪ್ರೇ ಕೀಲೆಣ್ಣೆ: ಕುಷ್ಟಗಿ ಸೀಮೆಯ ಮನೆ, ಹೊಲ, ಗ್ಯಾರೇಜುಗಳಲ್ಲಿ ಬಳಕೆ ಮತ್ತು ಸುರಕ್ಷತೆ

ಒತ್ತಡ ತುಂಬಿದ ತಗಡಿನ ಡಬ್ಬಿಯಿಂದ ತುಂತುರಾಗಿ ಹೊಮ್ಮಿ, ತುಕ್ಕು ಸಡಿಲಿಸುವ, ತೇವ ಹೊರದೂಡುವ, ತಿಕ್ಕಾಟ ತಗ್ಗಿಸುವ ತೆಳು ಎಣ್ಣೆಗಳನ್ನು ಒಟ್ಟಾಗಿ ಸ್ಪ್ರೇ ಕೀಲೆಣ್ಣೆ ಎನ್ನಬಹುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪೇಟೆಗಳ ಹಾರ್ಡ್‌ವೇರ್ ಮತ್ತು ಆಟೊಮೊಬೈಲ್ ಅಂಗಡಿಗಳಲ್ಲಿ ಗಿರಾಕಿಗಳು ಇದನ್ನು ‘ಡಬ್ಲ್ಯೂಡಿ’ ಎಂತಲೋ ‘ತುಕ್ಕಿನ ಸ್ಪ್ರೇ’ ಎಂತಲೋ ಕೇಳುತ್ತಾರೆ. ಯಾವ ಕಂಪನಿಯ ಡಬ್ಬಿಯಾದರೂ ಹೆಸರು ಅದೇ. ಕಚ್ಚಿಕೊಂಡದ್ದನ್ನು ಬಿಡಿಸುವುದು ಈ ಎಣ್ಣೆಯ ಮುಖ್ಯ ಕೆಲಸ. ಬಿಟ್ಟದ್ದನ್ನು ವರ್ಷಗಟ್ಟಲೆ ಓಡಿಸುವುದು ಗ್ರೀಸು ಮತ್ತು ದಪ್ಪ ಎಣ್ಣೆಯ ಕೆಲಸ. ಈ ಭೇದ ಮರೆತರೆ ಯಂತ್ರ ಕೆಡುತ್ತದೆ. ಡಬ್ಬಿಯೊಳಗಿರುವುದು ಬೆಂಕಿ ಹಿಡಿಯುವ ದ್ರವ ಎಂಬುದನ್ನು ಮರೆತರೆ ಜೀವಕ್ಕೇ ಕುತ್ತು.

ಔಡಲೆಣ್ಣೆಯ ಕಾಲ

ಈ ಸೀಮೆಗೆ ಕೀಲೆಣ್ಣೆ ಹೊಸದಲ್ಲ. ಚಕ್ಕಡಿಯ ಅಚ್ಚಿಗೂ ಗಾಲಿಯ ಗುಂಬಕ್ಕೂ ನಡುವೆ ಹಚ್ಚುತ್ತಿದ್ದದ್ದು ಔಡಲೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಸಿದ ಮುದ್ದೆ. ಅದನ್ನು ತುಂಬಿದ ಬಿದಿರಿನ ಗೊಟ್ಟವನ್ನು ಬಂಡಿಗೇ ಕಟ್ಟಿಕೊಂಡು ದೂರದ ಸಂತೆ, ಜಾತ್ರೆಗಳಿಗೆ ಹೋಗುತ್ತಿದ್ದರು. ಮಳೆಯಾಶ್ರಿತ ಹೊಲದ ಬದುವಿನಲ್ಲಿ ಬೆಳೆಯುವ ಔಡಲ ಮನೆಯ ದೀಪಕ್ಕೂ ತಲೆಗೂ ಗಾಲಿಗೂ ಆಗುತ್ತಿತ್ತು. ಅದನ್ನೇ ಆರಿಸಿಕೊಂಡದ್ದಕ್ಕೆ ಗಟ್ಟಿ ಕಾರಣವಿದೆ. ಔಡಲೆಣ್ಣೆಯಲ್ಲಿ ಶೇ 85ರಿಂದ 90ರಷ್ಟು ಇರುವ ರಿಸಿನೋಲಿಕ್ ಆಮ್ಲ ಲೋಹದ ಮೈಗೆ ಅಂಟಿ ನಿಲ್ಲುತ್ತದೆ, ಭಾರ ಬಿದ್ದರೂ ಬೇಗ ಜಾರಿಹೋಗುವುದಿಲ್ಲ. ಮೊದಲ ಮಹಾಯುದ್ಧದ ವಿಮಾನ ಎಂಜಿನ್ನುಗಳಿಗೂ ಇದೇ ಎಣ್ಣೆ ಹಾಕುತ್ತಿದ್ದರು. ಇಂದು ಬೈಕಿನ ಎಂಜಿನ್ ಆಯಿಲ್ ಎಂದು ನಮಗೆ ಗೊತ್ತಿರುವ ಕ್ಯಾಸ್ಟ್ರಾಲ್ ಹೆಸರು ಬಂದದ್ದು ಔಡಲದ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದ. ಜಗತ್ತಿನಲ್ಲಿ ಅತಿ ಹೆಚ್ಚು ಔಡಲ ಬೆಳೆಯುವ ದೇಶ ಈಗಲೂ ಭಾರತವೇ.

ಔಡಲೆಣ್ಣೆಯ ಈ ಗುಣ ಅಡುಗೆಮನೆಯ ಉಳಿದ ಎಣ್ಣೆಗಳಿಗಿಲ್ಲ. ಬಾಗಿಲ ಬಿಜಾಗರಿ ಕಿರುಗುಟ್ಟಿದರೆ ಒಂದು ಹನಿ ಶೇಂಗಾ ಎಣ್ಣೆಯನ್ನೋ ಕುಸುಬಿ ಎಣ್ಣೆಯನ್ನೋ ಬಿಡುವ ರೂಢಿ ಇಂದಿಗೂ ಇದೆ. ಅಂದಿಗೆ ಸದ್ದು ನಿಲ್ಲುತ್ತದೆ. ಆದರೆ ಈ ಎಣ್ಣೆಗಳು ಗಾಳಿಯ ಆಮ್ಲಜನಕ ಹೀರಿ ಕ್ರಮೇಣ ಅಂಟಾಗಿ ಗಟ್ಟಿಯಾಗುತ್ತವೆ. ಕುಸುಬಿ, ಸೂರ್ಯಕಾಂತಿ ಎಣ್ಣೆಗಳಲ್ಲಿ ಈ ಗುಣ ಇನ್ನೂ ಹೆಚ್ಚು. ಕುಸುಬಿ ಎಣ್ಣೆಯಿಂದ ಬಣ್ಣ, ವಾರ್ನಿಷ್ ಮಾಡುವುದು ಸಾಧ್ಯವಾಗಿರುವುದೇ ಅದು ಹೀಗೆ ಒಣಗಿ ಪೊರೆಯಾಗುವುದರಿಂದ. ಆದ್ದರಿಂದ ಅಡುಗೆ ಎಣ್ಣೆ ಬಿಟ್ಟ ಕೀಲಿ ಕೆಲವು ತಿಂಗಳಲ್ಲಿ ಮೊದಲಿಗಿಂತ ಬಿಗಿಯಾಗುತ್ತದೆ, ಅಂಟಿಗೆ ದೂಳು ಸೇರಿ ಕೀಲಿಕೈ ಒಳಗೇ ಮುರಿಯುತ್ತದೆ.

ಡಬ್ಬಿಗೆ ಬಂದ ಎಣ್ಣೆ

ತುಂತುರು ಡಬ್ಬಿಯ ಮೂಲ ಕಲ್ಪನೆ ನಾರ್ವೆಯ ಎಂಜಿನಿಯರ್ ಎರಿಕ್ ರೋಥೈಮ್‌ನದು, 1920ರ ದಶಕದ್ದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಕೃಷಿ ಇಲಾಖೆಯ ಗುಡ್‌ಹ್ಯೂ ಮತ್ತು ಸಲಿವನ್ ಅದನ್ನು ಸೈನಿಕರ ಸೊಳ್ಳೆ ಔಷಧಿಗೆ ಹೊಂದಿಸಿದರು. 1949ರಲ್ಲಿ ರಾಬರ್ಟ್ ಅಬ್‌ಪ್ಲನಾಲ್ಪ್ ಅಗ್ಗದ, ಸೋರದ ಕವಾಟ ರೂಪಿಸಿದ ಮೇಲೆ ಡಬ್ಬಿ ಸಾಮಾನ್ಯರ ಕೈಗೆಟುಕಿತು.

1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ನಗರದ ರಾಕೆಟ್ ಕೆಮಿಕಲ್ ಎಂಬ ಪುಟ್ಟ ಕಂಪನಿ ತೇವ ಹೊರದೂಡುವ ದ್ರವವೊಂದನ್ನು ನಲವತ್ತನೆಯ ಪ್ರಯತ್ನಕ್ಕೆ ಸಿದ್ಧಪಡಿಸಿತು. ಡಬ್ಲ್ಯೂಡಿ-40 ಎಂಬ ಹೆಸರಿನಲ್ಲಿ ಆ ನಲವತ್ತು ಉಳಿದಿದೆ. ಅಟ್ಲಾಸ್ ಕ್ಷಿಪಣಿಯ ತೆಳು ಉಕ್ಕಿನ ಹೊರಮೈಗೆ ತುಕ್ಕು ಹಿಡಿಯದಂತೆ ಕಾಯುವುದು ಅದರ ಮೊದಲ ಕೆಲಸ. 1958ರಲ್ಲಿ ಅದು ಸ್ಪ್ರೇ ಡಬ್ಬಿಯಲ್ಲಿ ಅಂಗಡಿಗೆ ಬಂತು. ಸೂತ್ರ ಬಯಲಾಗಬಾರದೆಂದು ಕಂಪನಿ ಅದಕ್ಕೆ ಪೇಟೆಂಟ್ ಪಡೆಯಲೇ ಇಲ್ಲ. ಮುನಿರಾಬಾದಿನ ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ನೀರು ಹರಿದದ್ದೂ ಅದೇ 1953ರಲ್ಲಿ. ಆ ನೀರಿನ ಬೆನ್ನಿಗೇ ಗಂಗಾವತಿ ಸೀಮೆಗೆ ಭತ್ತ, ಅಕ್ಕಿ ಗಿರಣಿ, ಟ್ರ್ಯಾಕ್ಟರು, ಕಟಾವು ಯಂತ್ರ ಒಂದೊಂದಾಗಿ ಬಂದು, ಎಣ್ಣೆ ಬೇಡುವ ಕೀಲುಗಳು ಸಾವಿರಗಟ್ಟಲೆ ಹೆಚ್ಚಿದವು.

ಆರಂಭದ ಡಬ್ಬಿಗಳಲ್ಲಿ ಎಣ್ಣೆಯನ್ನು ಹೊರದೂಡುತ್ತಿದ್ದ ಕ್ಲೋರೊಫ್ಲೋರೊಕಾರ್ಬನ್ ಅನಿಲ ಓಜೋನ್ ಪದರವನ್ನು ಸವೆಸುತ್ತದೆಂದು ತಿಳಿದ ಮೇಲೆ 1987ರ ಮಾಂಟ್ರಿಯಲ್ ಒಪ್ಪಂದ ಅದನ್ನು ಕೈಬಿಡಿಸಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. ಈಗ ಆ ಜಾಗದಲ್ಲಿರುವುದು ಇಂಗಾಲದ ಡೈಆಕ್ಸೈಡ್, ಇಲ್ಲವೆ ಅಡುಗೆ ಅನಿಲದ್ದೇ ಜಾತಿಯ ಪ್ರೊಪೇನ್–ಬ್ಯುಟೇನ್. ಓಜೋನಿಗೆ ಒಳ್ಳೆಯದಾಯಿತು. ಆದರೆ ಪ್ರೊಪೇನ್–ಬ್ಯುಟೇನ್ ತುಂಬಿದ ಡಬ್ಬಿ ಬೆಂಕಿಗೆ ಇನ್ನಷ್ಟು ಹತ್ತಿರವಾಯಿತು.

ಒಳಗೇನಿದೆ, ಹೇಗೆ ಕೆಲಸ ಮಾಡುತ್ತದೆ

ಸಾಮಾನ್ಯ ತುಕ್ಕಿನ ಸ್ಪ್ರೇಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಚಿಮಣಿ ಎಣ್ಣೆಯ ಬಳಗಕ್ಕೆ ಸೇರಿದ, ಬೇಗ ಆರುವ ಪೆಟ್ರೋಲಿಯಂ ದ್ರಾವಕವಿರುತ್ತದೆ. ಉಳಿದ ಪಾಲಿನಲ್ಲಿ ಖನಿಜ ತೈಲ, ತುಕ್ಕು ತಡೆಯುವ ಕೆಲವು ಪದಾರ್ಥ ಮತ್ತು ದೂಡುವ ಅನಿಲ. ಕಬ್ಬಿಣಕ್ಕೆ ತುಕ್ಕು ಹಿಡಿದಾಗ ಆ ತುಕ್ಕು ಮೂಲ ಲೋಹಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಜಾಗ ಬೇಡುತ್ತದೆ. ನಟ್ಟು–ಬೋಲ್ಟಿನ ಮರೆಗಳ ನಡುವೆ ಅಷ್ಟು ಜಾಗವಿರುವುದಿಲ್ಲ, ಹಾಗಾಗಿ ಎರಡೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ತೆಳು ದ್ರಾವಕ ಆ ಕೂದಲೆಳೆಯ ಸಂದಿಯೊಳಗೆ ತಾನಾಗಿ ಏರಿ ಎಣ್ಣೆಯನ್ನೂ ಜೊತೆಗೆ ಎಳೆದೊಯ್ಯುತ್ತದೆ. ಕೆಲವು ಗಂಟೆಗಳಲ್ಲಿ ದ್ರಾವಕ ಆರಿ, ಎಣ್ಣೆಯ ತೀರಾ ತೆಳುವಾದ ಪೊರೆ ಮಾತ್ರ ಉಳಿಯುತ್ತದೆ. ಆ ಪೊರೆ ಮಳೆಗಾಲದ ತೇವವನ್ನು ಕೆಲ ಕಾಲ ತಡೆದೀತು. ಟ್ರ್ಯಾಕ್ಟರಿನ ಭಾರವನ್ನು ಹೊರಲಾರದು.

ಕುಷ್ಟಗಿಯ ಮೂಲಕ ಹಾಯುವ 50ನೇ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ಲಾರಿ, ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜುಗಳಿವೆ. ಅಲ್ಲಿ ನುರಿತ ಮೇಸ್ತ್ರಿ ಗಾಲಿಯ ನಟ್ಟು ಬಿಡಿಸುವುದನ್ನು ಹತ್ತಿರದಿಂದ ನೋಡಬೇಕು. ಅವನು ಮೊದಲು ಡಬ್ಬಿ ಮುಟ್ಟುವುದಿಲ್ಲ. ತಂತಿಯ ಬ್ರಷ್ಷಿನಿಂದ ಮಣ್ಣು, ಹೊರಗಿನ ತುಕ್ಕಿನ ಹಕ್ಕಳೆ ತಿಕ್ಕಿ ತೆಗೆಯುತ್ತಾನೆ, ಏಕೆಂದರೆ ಒಣ ಮಣ್ಣಿನ ಮೇಲೆ ಹೊಡೆದ ಎಣ್ಣೆಯನ್ನು ಮಣ್ಣೇ ಕುಡಿಯುತ್ತದೆ. ಆಮೇಲೆ ಡಬ್ಬಿಯ ಮೂತಿಗೆ ಕೆಂಪು ಕೊಳವೆ ಸಿಕ್ಕಿಸಿ, ನಟ್ಟು ಬೋಲ್ಟಿಗೆ ಸೇರುವ ಗೆರೆಗೆ ಮಾತ್ರ ಎರಡು ಸಲ ಚಿಮುಕಿಸುತ್ತಾನೆ. ಸುತ್ತಿಗೆಯಿಂದ ನಟ್ಟಿನ ಮಗ್ಗುಲಿಗೆ ಸಣ್ಣಗೆ ಬಡಿಯುತ್ತಾನೆ. ಆ ನಡುಕಕ್ಕೆ ತುಕ್ಕು ಬಿರಿದು ಎಣ್ಣೆಗೆ ದಾರಿಯಾಗುತ್ತದೆ. ಕಾಲು ಗಂಟೆ ಬೇರೆ ಕೆಲಸ ನೋಡಿ ಬರುತ್ತಾನೆ. ತೀರಾ ಹಳೆಯದಾದರೆ ರಾತ್ರಿಯಿಡೀ ಬಿಡುತ್ತಾನೆ. ಪಾನಾ ಹಾಕಿದಾಗ ಮೊದಲ ಎಳೆತ ಬಿಗಿಯುವ ಕಡೆಗೆ, ಕೂದಲಷ್ಟು. ಆಮೇಲೆ ಬಿಚ್ಚುವ ಕಡೆಗೆ. ಕಲಿಯುವ ಹುಡುಗರು ಎಡವುವುದು ಕಾಯುವಲ್ಲಿ. ಹೊಡೆದ ಮರುಕ್ಷಣವೇ ಪೈಪು ಸಿಕ್ಕಿಸಿ ಎಳೆದು ಬೋಲ್ಟಿನ ತಲೆ ಮುರಿಯುತ್ತಾರೆ. ಬಿಟ್ಟ ನಟ್ಟನ್ನು ಮತ್ತೆ ಹಾಕುವ ಮುನ್ನ ಮರೆಯನ್ನು ಒರೆಸಿ ಶುಚಿ ಮಾಡಬೇಕು. ಗಾಲಿಯ ನಟ್ಟಿಗೆ ಎಣ್ಣೆ ಉಳಿದರೆ ಅದೇ ಬಲಕ್ಕೆ ಅತಿಯಾಗಿ ಬಿಗಿದು ಬೋಲ್ಟು ಸೀಳುವ ಅಪಾಯವಿದೆ.

ಮನೆಯಲ್ಲಿ

ಬಿಜಾಗರಿ, ಚಿಲಕ, ಗೇಟಿನ ಕೀಲು, ನೀರಿನ ತೊಟ್ಟಿಯ ಮುಚ್ಚಳದ ಬೋಲ್ಟು, ತುಕ್ಕು ಹಿಡಿದ ಕತ್ತರಿ, ಹಳೆಯ ಕೊಡಲಿಯ ಮೈ ಇವಕ್ಕೆಲ್ಲ ಈ ಸ್ಪ್ರೇ ಒಪ್ಪುತ್ತದೆ. ಸ್ಟಿಕ್ಕರಿನ ಅಂಟು, ಗಾಡಿಗೆ ಮೆತ್ತಿದ ಡಾಂಬರು ತೆಗೆಯಲೂ ಆಗುತ್ತದೆ. ಕೆಲಸವಾದ ಮೇಲೆ ಬಟ್ಟೆಯಿಂದ ಒರೆಸುವುದನ್ನು ಮಾತ್ರ ತಪ್ಪಿಸಬಾರದು. ಕುಷ್ಟಗಿ, ಯಲಬುರ್ಗಾದ ಬೇಸಿಗೆಯ ದೂಳು ಹಸಿ ಎಣ್ಣೆಗೆ ಕುಳಿತರೆ ಉಜ್ಜುಕಾಗದದಂತೆ ಲೋಹ ಸವೆಸುತ್ತದೆ. ಗಿಣಿಗೇರಾ ಭಾಗದಲ್ಲಿ ಕಾರ್ಖಾನೆಗಳ ಕರಿ ದೂಳು ಮನೆಯೊಳಗೂ ಬರುವುದರಿಂದ ಅಲ್ಲಿ ಈ ಎಚ್ಚರ ಇನ್ನೂ ಬೇಕು.

ಕೀಲಿಗೆ ಎಣ್ಣೆಗಿಂತ ಗ್ರಾಫೈಟ್ ಪುಡಿ ಅಥವಾ ಒಣಗುವ ಟೆಫ್ಲಾನ್ ಸ್ಪ್ರೇ ಮೇಲು. ಅವಕ್ಕೆ ದೂಳು ಅಂಟುವುದಿಲ್ಲ. ಗ್ರಾಫೈಟ್ ಕೈಗೆ ಸಿಗದಿದ್ದರೆ ಮೆತ್ತನೆಯ ಪೆನ್ಸಿಲನ್ನು ಕೀಲಿಕೈಯ ಹಲ್ಲಿಗೆ ತಿಕ್ಕಿ ನಾಲ್ಕಾರು ಸಲ ಆಡಿಸಿದರೂ ಸಾಕು. ಅಂಗಡಿಯ ರೋಲಿಂಗ್ ಶಟರಿನ ಹಳಿಗೆ ಸಿಲಿಕೋನ್ ಸ್ಪ್ರೇ, ಮೇಲಿನ ಬೇರಿಂಗಿಗೆ ಗ್ರೀಸು.

ಹೊಲಿಗೆ ಯಂತ್ರಕ್ಕೆ ಮಶಿನ್ ಎಣ್ಣೆಯೇ ಬೇಕು. ತುಕ್ಕಿನ ಸ್ಪ್ರೇ ಹೊಡೆದರೆ ಅದರ ದ್ರಾವಕ ಒಳಗಿದ್ದ ಒಳ್ಳೆಯ ಎಣ್ಣೆಯನ್ನು ತೊಳೆದುಬಿಡುತ್ತದೆ. ಯಂತ್ರ ಎರಡು ದಿನ ಹಗುರವಾಗಿ ಓಡಿ, ಆಮೇಲೆ ಒಣ ಲೋಹ ಒಣ ಲೋಹಕ್ಕೆ ತಿಕ್ಕುತ್ತದೆ. ಮನೆಮನೆಯಲ್ಲಿ ಹೊಲಿಗೆಯಿಂದ ಸಂಸಾರ ನಡೆಸುವ ಹೆಣ್ಣುಮಕ್ಕಳು ಈ ಮಾತನ್ನು ಗಮನಿಸಬೇಕು, ಏಕೆಂದರೆ ಬುಶ್ಶು ಸವೆದ ಯಂತ್ರದ ರಿಪೇರಿ ಒಂದು ಬಾಟಲಿ ಮಶಿನ್ ಎಣ್ಣೆಯ ಹಲವು ಪಟ್ಟು ಬೆಲೆಯದು. ಸೀಲಿಂಗ್ ಫ್ಯಾನಿನ ಕತೆಯೂ ಇದೇ. ಅದರ ಮುಚ್ಚಿದ ಬೇರಿಂಗು ಸದ್ದು ಮಾಡಿದರೆ ಬದಲಿಸುವುದೊಂದೇ ದಾರಿ. ಕುಕ್ಕರ್, ಮಿಕ್ಸರ್ ಜಾರ್, ಕುಡಿಯುವ ನೀರಿನ ನಲ್ಲಿ ಹೀಗೆ ಬಾಯಿಗೆ ಹೋಗುವ ಪದಾರ್ಥ ತಾಗುವ ಯಾವುದಕ್ಕೂ ಇದನ್ನು ಹೊಡೆಯಬಾರದು.

ಗಾಡಿ, ಟ್ರ್ಯಾಕ್ಟರು, ಕೊಳವೆಬಾವಿ

ಮಳೆಯಲ್ಲಿ ನೆಂದು ಚಾಲೂ ಆಗದ ಬೈಕಿನ ಪ್ಲಗ್ ಟೋಪಿಯ ತೇವ ತೆಗೆಯಲು ಈ ಸ್ಪ್ರೇ ಹೇಳಿ ಮಾಡಿಸಿದ್ದು. ಇಗ್ನಿಷನ್ ಬಂದ್ ಮಾಡಿ, ಹೊಡೆದು, ಒರೆಸಿ, ಆವಿ ಆರಿದ ಮೇಲೆ ಕಿಕ್ ಹೊಡೆಯಬೇಕು. ಚೈನಿನ ಕೊಳೆ ಬಿಡಿಸಲೂ ಆದೀತು, ಆದರೆ ಅಷ್ಟಕ್ಕೇ ನಿಲ್ಲಿಸಿ ಹೊರಟರೆ ಚೈನು ಒಣಗಿದ್ದೇ ಸೈ. ಶುಚಿ ಮಾಡಿದ ಮೇಲೆ ಚೈನ್ ಲ್ಯೂಬ್ ಅಥವಾ ಗೇರ್ ಎಣ್ಣೆ ಹಚ್ಚಲೇಬೇಕು, 500ರಿಂದ 1,000 ಕಿಲೊಮೀಟರಿಗೊಮ್ಮೆ ಮತ್ತೆ ಹಚ್ಚಬೇಕು. ಬ್ರೇಕಿನ ಡ್ರಮ್ಮು, ಡಿಸ್ಕು, ಪ್ಯಾಡು ಇವುಗಳ ಹತ್ತಿರಕ್ಕೂ ಡಬ್ಬಿ ತರಬಾರದು. ಒಂದು ತುಂತುರು ಬಿದ್ದರೂ ಬ್ರೇಕು ಹಿಡಿಯುವುದಿಲ್ಲ. ಖನಿಜ ತೈಲ ಸಹಜ ರಬ್ಬರನ್ನು ಉಬ್ಬಿಸುವುದರಿಂದ ಟೈರು, ಬಾಗಿಲ ಬೀಡಿಂಗಿಗೂ ಸಲ್ಲದು. ರಬ್ಬರಿಗೆ ಸಿಲಿಕೋನ್ ಸ್ಪ್ರೇ ಇದೆ.

ಟ್ರ್ಯಾಕ್ಟರಿನಲ್ಲಿ ಗ್ರೀಸ್ ನಿಪ್ಪಲ್ ಇರುವ ಜಾಗಕ್ಕೆಲ್ಲ ಗ್ರೀಸ್ ಗನ್ನೇ ಸರಿ. ಬಿತ್ತನೆ ಮುಗಿದ ಮೇಲೆ ಕೂರಿಗೆ, ಕುಂಟೆಯ ಕುಡ, ರೋಟವೇಟರಿನ ಬ್ಲೇಡುಗಳನ್ನು ತೊಳೆದು ಒಣಗಿಸಿ ತೆಳುವಾಗಿ ಸ್ಪ್ರೇ ಮಾಡಿಟ್ಟರೆ ಮುಂದಿನ ಮುಂಗಾರಿಗೆ ತುಕ್ಕಿಲ್ಲದೆ ಸಿಗುತ್ತವೆ. ಹೊಲದ ಪಂಪಿನ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಮಾತ್ರ ಸಾಮಾನ್ಯ ತುಕ್ಕಿನ ಸ್ಪ್ರೇ ಬೇಡ. ಕಾಂಟ್ಯಾಕ್ಟುಗಳ ಕಿಡಿಗೆ ಆವಿ ಹೊತ್ತಿಕೊಳ್ಳುತ್ತದೆ, ಉಳಿದ ಪೊರೆಗೆ ದೂಳು ಮೆತ್ತಿ ಸಂಪರ್ಕ ಕೆಡುತ್ತದೆ. ಅದಕ್ಕೆಂದೇ ಎಲೆಕ್ಟ್ರಿಕ್ ಕಾಂಟ್ಯಾಕ್ಟ್ ಕ್ಲೀನರ್ ಸಿಗುತ್ತದೆ. ಅದನ್ನೂ ಮೇನ್ ಸ್ವಿಚ್ ಬಂದ್ ಮಾಡಿಯೇ ಬಳಸಬೇಕು. ಕೊಳವೆಬಾವಿಯ ಮೋಟರ್ ಎತ್ತುವಾಗ ಕಚ್ಚಿದ ಪೈಪಿನ ಜೋಡಣೆಗೆ ಡಬ್ಬಿಗಟ್ಟಲೆ ಸುರಿಯುವವರಿದ್ದಾರೆ. ಈ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಕುಡಿಯುವುದು ಕೊಳವೆಬಾವಿಯ ನೀರನ್ನೇ. ಪೈಪನ್ನು ಮೇಲೆ ಮಲಗಿಸಿಕೊಂಡು ಬಿಚ್ಚುವುದು, ಬಾವಿಯ ಬಾಯಿಯ ಮೇಲೆ ಎಣ್ಣೆ ಹೊಡೆಯದಿರುವುದು ಊರಿನ ಮೇಲಿನ ಋಣ.

ಗಿರಣಿ, ಮಗ್ಗ, ಅಣೆಕಟ್ಟು

ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಭತ್ತದ ಸಿಪ್ಪೆ ಬಿಡಿಸುವುದು ರಬ್ಬರ್ ರೋಲುಗಳು. ಎಣ್ಣೆ ಸೋಕಿದ ರೋಲು ಜಾರುತ್ತದೆ, ಬೇಗ ಹಾಳಾಗುತ್ತದೆ. ಹಿಟ್ಟಿನ ಗಿರಣಿಯ ಪಟ್ಟಾಕ್ಕೂ ಇದೇ ಮಾತು. ಧಾನ್ಯ ಹಾಯುವ ಜಾಗದ ಬೇರಿಂಗುಗಳಿಗೆ ಆಹಾರ ದರ್ಜೆಯ, ಎಚ್-1 ಎಂದು ನಮೂದಾಗಿರುವ ಎಣ್ಣೆ, ಗ್ರೀಸುಗಳಿವೆ. ಬೆಲೆ ಹೆಚ್ಚು, ಆದರೆ ಅಕ್ಕಿ ತಿನ್ನುವವರ ಪಾಲಿಗೆ ಅದೇ ನ್ಯಾಯ. ಗಿರಣಿಯೊಳಗೆ ತೌಡಿನ ದೂಳು ಹಾರುತ್ತಿರುವಾಗ ಸ್ಪ್ರೇ ಹೊಡೆಯಬಾರದು. ದೂಳೂ ಎಣ್ಣೆಯ ಆವಿಯೂ ಎರಡೂ ಉರಿಯುವಂಥವು.

ಇಳಕಲ್ ಸೀರೆಯ ನೇಯ್ಗೆ ಕುಷ್ಟಗಿ ತಾಲ್ಲೂಕಿನ ಊರುಗಳಿಗೂ ಹಬ್ಬಿದೆ, ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲೂ ಮಗ್ಗಗಳಿವೆ. ಅಲ್ಲಿ ಸ್ಪ್ರೇಯಿಂದಾಗುವ ದೊಡ್ಡ ನಷ್ಟ ಕಲೆ. ತುಂತುರು ಗುರಿಯಿಟ್ಟಲ್ಲಿಗೆ ಮಾತ್ರ ಬೀಳುವುದಿಲ್ಲ. ಸುತ್ತಲಿನ ಹಾಸಿನ ಮೇಲೂ ಇಳಿದು, ರೇಷ್ಮೆ ಸೆರಗಿನಲ್ಲಿ ಕಂದು ಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆ. ಮಗ್ಗಕ್ಕೆ ಹನಿಹನಿಯಾಗಿ ಬಿಡುವ ಎಣ್ಣೆಬುಡ್ಡಿಯೇ ಯೋಗ್ಯ.

ದೊಡ್ಡ ಕೀಲುಗಳ ಪಾಠವನ್ನು ತುಂಗಭದ್ರಾ ಜಲಾಶಯವೇ ಕೊಟ್ಟಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ಫಲಕಗಳನ್ನು ಇಳಿಸಿ ಮುಚ್ಚುವ ಹೊತ್ತಿಗೆ ಒಂದು ವಾರ ಕಳೆಯಿತು, ಅಪಾರ ನೀರು ನದಿಗೆ ಹೋಗಿತ್ತು. ಇಂಥ ಸರಪಳಿಯ ಕ್ಷೇಮ ಉಕ್ಕಿನ ವಯಸ್ಸು, ತಪಾಸಣೆ, ಗ್ರೀಸು, ಕಾಲಕಾಲದ ಬದಲಾವಣೆಗೆ ಸೇರಿದ್ದು. ತೆಳು ಸ್ಪ್ರೇಗೆ ಅಲ್ಲಿ ಸ್ಥಾನವೇ ಇಲ್ಲ.

ಬೆಂಕಿ ಮತ್ತು ಬಿಸಿಲು

ಡಬ್ಬಿಯ ಮೇಲೆ 50 ಡಿಗ್ರಿ ಸೆಲ್ಸಿಯಸ್ ಮೀರಬಾರದು ಎಂದು ಬರೆದಿರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ ನೆರಳಿನಲ್ಲೇ 40 ದಾಟುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ, ಟ್ರ್ಯಾಕ್ಟರಿನ ಟೂಲ್ ಬಾಕ್ಸಿನಲ್ಲಿ, ತಗಡಿನ ಶೆಡ್ಡಿನ ಮೇಲಟ್ಟದಲ್ಲಿ 60 ಮೀರುವುದು ಕಷ್ಟವೇನಲ್ಲ. ಒತ್ತಡ ಏರಿ ಡಬ್ಬಿ ಸಿಡಿದರೆ ತಗಡು ಚೂರಾಗಿ ಹಾರುತ್ತದೆ. ಇಡುವ ಜಾಗ ತಂಪಾದ, ಗಾಳಿಯಾಡುವ, ಒಲೆಯಿಂದ ದೂರದ, ಮಕ್ಕಳ ಕೈಗೆಟುಕದ ಗೋಡೆ ಮಾಡವಾಗಬೇಕು.

ಹೊಡೆಯುವ ಹತ್ತಿರ ಬೀಡಿ, ಒಲೆ, ವೆಲ್ಡಿಂಗ್, ಗ್ರೈಂಡರಿನ ಕಿಡಿ ಇರಕೂಡದು. ಪ್ರೊಪೇನ್–ಬ್ಯುಟೇನ್ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ದೂರದ ಉರಿಯನ್ನು ಮುಟ್ಟಬಲ್ಲದು. ಸ್ಪ್ರೇ ಹೊಡೆದ ಬೋಲ್ಟಿಗೆ ಗ್ಯಾಸ್ ಬರ್ನರ್ ಹಿಡಿಯುವ ಆತುರ ಹಲವು ಗ್ಯಾರೇಜುಗಳಲ್ಲಿದೆ. ಕಾಯಿಸುವುದಿದ್ದರೆ ಮೊದಲು ಕಾಯಿಸಿ, ಪೂರ್ತಿ ಆರಿದ ಮೇಲೆ ಎಣ್ಣೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಲೋಹಕ್ಕೆ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಎಂಬ ಕೊಲ್ಲುವ ಅನಿಲ ಹುಟ್ಟುತ್ತದೆ.

ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕಾದದ್ದು ಆಮ್ಲಜನಕದ ಸಿಲಿಂಡರಿನ ವಿಷಯ. ಗ್ಯಾಸ್ ಕಟಿಂಗ್ ಅಂಗಡಿಯದಿರಲಿ, ಆಸ್ಪತ್ರೆಯದಿರಲಿ, ಅದರ ವಾಲ್ವು, ರೆಗ್ಯುಲೇಟರು ಎಷ್ಟೇ ಬಿಗಿಯಾಗಿದ್ದರೂ ಒಂದು ಹನಿ ಎಣ್ಣೆ ತಾಗಿಸಬಾರದು. ಒತ್ತಡದ ಶುದ್ಧ ಆಮ್ಲಜನಕ ಎಣ್ಣೆಗೆ ಸೇರಿದರೆ ಕಿಡಿಯೇ ಇಲ್ಲದೆ ಹೊತ್ತಿಕೊಂಡು ಸ್ಫೋಟಿಸಬಲ್ಲದು. ಎಣ್ಣೆಗೈಯಲ್ಲೂ ಅದನ್ನು ಮುಟ್ಟಬಾರದು.

ಮೈಗೆ

ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹದಿನೈದು ನಿಮಿಷ ಶುದ್ಧ ನೀರಿನಲ್ಲಿ ತೊಳೆಯಬೇಕು, ಚರ್ಮಕ್ಕೆ ಸಾಬೂನು ಸಾಕು. ಮಗು ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಈ ಕಡೆ ನಡೆದು ಬಂದ ರೂಢಿ, ಅದೇ ದೊಡ್ಡ ಅಪಾಯ. ಚಿಮಣಿ ಎಣ್ಣೆಯಂಥ ತೆಳು ದ್ರವ ವಾಂತಿಯ ಜೊತೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ. ಏನೂ ಕುಡಿಸದೆ, ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಮುಚ್ಚಿದ ಕೋಣೆಯಲ್ಲಿ ಹೆಚ್ಚು ಹೊಡೆದರೆ ತಲೆ ಸುತ್ತುತ್ತದೆ. ಅಮಲಿಗಾಗಿ ಮೂಸುವ ಹುಡುಗರಲ್ಲಿ ಹೃದಯ ಬಡಿತ ತಪ್ಪಿ ಥಟ್ಟನೆ ಸಾವು ಬರಬಹುದು. ಮೊಣಕಾಲ ನೋವಿಗೆ ಇದನ್ನು ಹೊಡೆದರೆ ಕೀಲು ಸಡಿಲಾಗುತ್ತದೆ ಎಂಬುದು ಶುದ್ಧ ಸುಳ್ಳು. ಡಬ್ಲ್ಯೂಡಿ-40 ತಯಾರಿಸುವ ಕಂಪನಿಯೇ ಇದನ್ನು ಅಲ್ಲಗಳೆದಿದೆ.

ಸ್ಪ್ರೇಯ ಬದಲಿಗೆ ಎಂಜಿನ್ನಿಂದ ಇಳಿಸಿದ ಕರಿ ಎಣ್ಣೆಯನ್ನು ಬರಿಗೈಯಲ್ಲಿ ಹಚ್ಚುವ ರೂಢಿಯೂ ಬಿಡಬೇಕಾದದ್ದೇ. ಇಂಗ್ಲೆಂಡಿನ ಲ್ಯಾಂಕಷೈರಿನ ಹತ್ತಿ ಗಿರಣಿಗಳಲ್ಲಿ ಶುದ್ಧಿಯಾಗದ ಖನಿಜ ತೈಲದಲ್ಲಿ ದಿನವೂ ಬಟ್ಟೆ ತೋಯಿಸಿಕೊಂಡ ಕಾರ್ಮಿಕರಿಗೆ ಚರ್ಮದ ಕ್ಯಾನ್ಸರ್ ತಗುಲಿದ್ದು ವೈದ್ಯಕೀಯ ಇತಿಹಾಸದಲ್ಲಿ ದಾಖಲಾಗಿದೆ. ಎಂಜಿನ್ನಿನಲ್ಲಿ ಸುಟ್ಟ ಎಣ್ಣೆಯಲ್ಲೂ ಅದೇ ಜಾತಿಯ ವಿಷಗಳಿವೆ.

ಖಾಲಿ ಡಬ್ಬಿ ಎಂದೂ ಪೂರ್ತಿ ಖಾಲಿಯಲ್ಲ. ಅದನ್ನು ತೂತು ಮಾಡುವುದು, ಕಸದ ಜೊತೆ ಸುಡುವುದು, ಕಾಮದಹನದ ಬೆಂಕಿಗೆ ಎಸೆಯುವುದು ಕೂಡದು. ಬಯಲಲ್ಲಿ ಗುಂಡಿ ಒತ್ತಿ ಉಳಿದ ಗಾಳಿ ತೀರಿಸಿ, ಒಣ ಕಸದಲ್ಲಿ ಬೇರೆಯಾಗಿ ಕಟ್ಟಿ, ಏನೆಂದು ಹೇಳಿ ಕಸದ ಗಾಡಿಯವರಿಗೆ ಕೊಡಬೇಕು.

ಇಷ್ಟೆಲ್ಲ ಎಚ್ಚರಿಕೆಗಳು ಡಬ್ಬಿಗಳ ಮೇಲೆ ಇರುವುದು ಬಹುಪಾಲು ಇಂಗ್ಲಿಷಿನಲ್ಲಿ, ಭೂತಗನ್ನಡಿಗೂ ನಿಲುಕದ ಅಕ್ಷರಗಳಲ್ಲಿ. ಅದನ್ನು ದಿನವಿಡೀ ಹಿಡಿಯುವವರು ಗ್ಯಾರೇಜಿನ ಎಳೆ ಹುಡುಗರು, ಗಿರಣಿಯ ಕೂಲಿಯವರು, ರೈತರು. ತಯಾರಕರು ಬೆಂಕಿ, ಬಿಸಿಲು, ಆಮ್ಲಜನಕ, ವಾಂತಿ ಮಾಡಿಸದಿರುವುದು ಈ ನಾಲ್ಕನ್ನಾದರೂ ದೊಡ್ಡ ಕನ್ನಡ ಅಕ್ಷರದಲ್ಲಿ ಮುದ್ರಿಸಬೇಕು. ಅಲ್ಲಿಯವರೆಗೆ ಡಬ್ಬಿ ಮಾರುವ ಅಂಗಡಿಕಾರರೇ ಚಿಲ್ಲರೆ ಕೊಡುವಾಗ ಈ ನಾಲ್ಕು ಮಾತು ಬಾಯಿಬಿಟ್ಟು ಹೇಳಲಿ.